ಕಪ್ಪು-ಬಸಿಯ ಹುಚ್ಚು

ಶುದ್ಧ ಸಸ್ಯಾಹಾರಿಗಳಾದ ನಾವಿಬ್ಬರೂ ತಿಂಗಳಿಗೊಮ್ಮೆಯಾದರೂ ಮುಂಬಯಿಯ ಮಟನ್ ಸ್ಟ್ರೀಟಿಗೆ ಹೋಗುತ್ತೇವೆಂದರೆ ಊರ ಕಡೆಯ ಬಂಧುಗಳು ಹುಬ್ಬೇರಿಸುತ್ತಾರೆ. ಚೋರ್ ಬಜಾರಿನ ಆ ಓಣಿಯಲ್ಲಿ ನಮಗೆ ಬೇಕಾದದ್ದು ಹಳೆಯ ಇಂಗ್ಲಿಷ್ ಬೋನ್ ಚೈನಾ ಕಪ್ಪು-ಬಸಿಗಳು, ಅಷ್ಟೆ. ಹಾಗೆಂದು ಬಂಧುಗಳ ಸಂಶಯ ಪೂರ್ತಿ ಸುಳ್ಳೂ ಅಲ್ಲ. ಬೋನ್ ಚೈನಾದ ಹೆಸರಿನಲ್ಲಿ ಎಲುಬಿದೆ, ಮಾಲಿನಲ್ಲಿಯೂ ಇದೆ.

ಅದೂ ಚಿಟಿಕೆಯಷ್ಟಲ್ಲ, ಹತ್ತಿರ ಹತ್ತಿರ ಅರ್ಧ ಪಾಲು. ಚೀನಾದ ಪಿಂಗಾಣಿಗೆ ಸಮನಾದದ್ದನ್ನು ಮಾಡಲು ಹೆಣಗುತ್ತಿದ್ದ ಇಂಗ್ಲಿಷರು 18ನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಬೋ ಎಂಬಲ್ಲಿ ಮಣ್ಣಿಗೆ ಎಲುಬಿನ ಬೂದಿ ಬೆರೆಸಿ ನೋಡಿದರು. 1790ರ ದಶಕದಲ್ಲಿ ಸ್ಟೋಕ್ ಪಟ್ಟಣದ ಜೋಸಾಯಾ ಸ್ಪೋಡ್ ಆ ಪಾಕವನ್ನು ಹದಕ್ಕೆ ತಂದ. ದನ-ಎತ್ತುಗಳ ಎಲುಬನ್ನು ಸುಟ್ಟು ಅರೆದ ಬೂದಿ ಎರಡು ಪಾಲು, ಕಾರ್ನ್‌ವಾಲಿನ ಬಿಳಿ ಜೇಡಿಮಣ್ಣು ಒಂದು ಪಾಲು, ಅಲ್ಲಿಯದೇ ಕಲ್ಲಿನ ಪುಡಿ ಒಂದು ಪಾಲು. ಆ ಹಾಲುಬಿಳುಪು, ಆ ತೆಳುವು ಬಂದದ್ದು ಇದರಿಂದಲೇ. ಕಪ್ಪನ್ನು ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿದರೆ ನೆರಳು ಕಾಣಬೇಕು. ಉಗುರಿನಿಂದ ತಟ್ಟಿದರೆ ಪೂಜೆಯ ಗಂಟೆಯಂತೆ ನಾದ ಬರಬೇಕು. ಸೀಳು ಬಿಟ್ಟಿದ್ದರೆ ದನಿ ಬೊದ್ದಾಗುತ್ತದೆ. ಊರ ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡಿ ಕೊಂಡವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ವಯಸ್ಸು ತಿಳಿಯಲು ಕಪ್ಪನ್ನು ಬೋರಲು ಹಾಕಬೇಕು. ವಜ್ರಾಕಾರದ ಮುದ್ರೆಯಿದ್ದರೆ ಅದು 1842ರಿಂದ 1883ರ ನಡುವೆ ನೋಂದಾಯಿಸಿದ ವಿನ್ಯಾಸ. ಪರದೇಶದ ಮಾಲಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1891ರಲ್ಲಿ ಹಠ ಹಿಡಿದ ಮೇಲೆ ‘ಇಂಗ್ಲೆಂಡ್’ ಎಂದು ಅಚ್ಚೊತ್ತುವ ರೂಢಿ ಬಿತ್ತು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 20ನೆಯ ಶತಮಾನದ್ದು. ಅಂಥದೊಂದನ್ನು ಅಂಗಡಿಯವನೊಬ್ಬ, ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಆಣೆಯಿಟ್ಟು ಮಾರಲು ನೋಡಿದ. ನಾವು ತಳ ತೋರಿಸಿದೆವು. ಅವನು ನಕ್ಕು ಬೆಲೆ ಇಳಿಸಿದ.

ನಮಗೆ ಅಚ್ಚುಮೆಚ್ಚಿನದು ಶೆಲ್ಲಿ ಕಂಪನಿಯ ಆರು ಎಸಳಿನ ಕಪ್ಪು. 1896ರಲ್ಲಿ ಮೊದಲು ಹೊರಬಂದ ಆಕಾರ ಅದು. 1966ರಲ್ಲಿ ಆ ಕಂಪನಿ ಬೇರೆಯವರ ಪಾಲಾಯಿತು. ನಮ್ಮ ಕಪ್ಪಿಗೆ ಬಸಿಯಿಲ್ಲ. ಯಾವ ಮನೆ ಒಡೆದಾಗ ಜೊತೆ ತಪ್ಪಿತೋ!

ತೊಡಕು ಬಂದದ್ದು ಮನೆಯೊಳಗೆ. ಧಾರವಾಡದ ಮನೆ ಮುಚ್ಚಿ ಅವ್ವ ನಮ್ಮಲ್ಲಿಗೆ ಬಂದಾಗ ಕಪಾಟಿನಲ್ಲಿ ಒಂಬತ್ತು ಕಪ್ಪುಗಳಿದ್ದವು. ಅವ್ವ ಏಕಾದಶಿ ತಪ್ಪಿಸಿದವರಲ್ಲ, ಹೋಟೆಲಿನ ನೀರು ಮುಟ್ಟಿದವರಲ್ಲ. ಅಂಥವರು ನೀಲಿ ಹೂವಿನದೊಂದನ್ನು ನೋಡಿ, “ನನಗೂ ಒಂದಿನ ಇದರಾಗ ಚಹಾ ಕೊಡ್ರಿ” ಎಂದರು.

ಹೇಳಬೇಕೆ, ಬಿಡಬೇಕೆ? ನೆರೆಮನೆಯವರು ಸುಮ್ಮನಿರಿ ಎಂದರು. ಸುಟ್ಟ ಮೇಲೆ ಎಲುಬೆಲ್ಲಿ ಉಳಿಯಿತು, ಬರೀ ಕ್ಯಾಲ್ಸಿಯಂ ಫಾಸ್ಫೇಟ್ ತಾನೇ ಎಂಬುದು ಅವರ ವಾದ. ರಸಾಯನಶಾಸ್ತ್ರವೇನೋ ಅವರ ಕಡೆಗಿತ್ತು. ಆದರೆ ಯಾವುದಕ್ಕೆ ಬಾಯಿ ಹಚ್ಚಬೇಕು, ಯಾವುದಕ್ಕೆ ಹಚ್ಚಬಾರದು ಎಂದು ಎಪ್ಪತ್ತು ವರ್ಷ ತಾವೇ ತೀರ್ಮಾನಿಸಿದವರ ಬದಲಿಗೆ ನಾವು ತೀರ್ಮಾನಿಸುವುದೆಂದರೇನು? ಚಹಾ ಮಾಡುವ ಮೊದಲೇ ಹೇಳಿಬಿಟ್ಟೆವು.

“ಯಾತರ ಎಲುಬು?” ಎಂದು ಕೇಳಿದರು. ಹೇಳಿದೆವು. ಆಮೇಲೆ ಎರಡು ದಿನ ಆ ಕಪಾಟಿನ ಕಡೆ ತಿರುಗಿ ನೋಡಲಿಲ್ಲ. ಎಲ್ಲವನ್ನೂ ಮಾರಿಬಿಡೋಣವೆಂದು ನಾವು ಒಳಗೊಳಗೇ ಮಾತಾಡಿಕೊಂಡೆವು. ಮೂರನೆಯ ದಿನ ಅವರೇ ಬಾಯಿ ಬಿಟ್ಟರು: “ನನಗ ಸ್ಟೀಲಿನ ಲೋಟ ಸಾಕು. ಇವನ್ನ ಹೊರಗ ಹಾಕಬ್ಯಾಡ್ರಿ. ಜೀವ ಇರೋತನಕ ದುಡದು, ಸತ್ತ ಮ್ಯಾಲೂ ಎತ್ತು ಇಷ್ಟು ಚಂದ ಆಗ್ಯದ. ಒಲಿ ಹತ್ರ ಮಾತ್ರ ತರಬ್ಯಾಡ್ರಿ.”

ಅಂದಿನಿಂದ ಕಪ್ಪುಗಳಿಗೆ ಬೇರೆ ಬೋಗುಣಿ, ಬೇರೆ ಅರಿವೆ. ಅವ್ವ ಅವನ್ನು ಮುಟ್ಟುತ್ತಿರಲಿಲ್ಲ. ನಾವು ಒರೆಸುವಾಗ ಎದುರಿಗೆ ಕುಳಿತು, ಕಿವಿ ಹಿಡಿದು ಎತ್ತಬೇಡಿ, ಮುರಿದೀತು ಎಂದು ಎಚ್ಚರಿಸುತ್ತಿದ್ದರು. ಸರಿಯಾದ ಮಾತು, ಹಳೆಯ ಕಪ್ಪಿನ ಕಿವಿಯೇ ಮೊದಲು ಬಿಡುವುದು.

ಅವ್ವ ಹೋಗಿ ಆರು ವರ್ಷವಾಯಿತು. ಕಪ್ಪುಗಳು ಹದಿನಾಲ್ಕಾಗಿವೆ. ಒಲೆಯ ಕಟ್ಟೆಗೆ ಅವು ಇನ್ನೂ ಬಂದಿಲ್ಲ. ಚಹವೇ ಪಾತ್ರೆಯಲ್ಲಿ ಹೊರಗೆ ಬರುತ್ತದೆ. ಮನೆಗೆ ಬಂದವರ ಕೈಗೆ ಕಪ್ಪು ಕೊಡುವ ಮೊದಲು ಅದು ಯಾವುದರಿಂದ ಆದದ್ದೆಂದು ಹೇಳುತ್ತೇವೆ. ಕೆಲವರು ಲೋಟ ಕೇಳುತ್ತಾರೆ. ಕೆಲವರು ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಾಡಿಸುತ್ತ ಕುಳಿತುಬಿಡುತ್ತಾರೆ. ಅಷ್ಟರಲ್ಲಿ ಪಾತ್ರೆಯಲ್ಲಿನ ಚಹಾ ಆರಿರುತ್ತದೆ.