ಉನೋದಿಯೇರ್ ರಸ್ತೆಯ ಇರುಳು

ಪ್ಯಾರಿಸ್ಸಿನಿಂದ ವೇಗದ ರೈಲು ಹಿಡಿದರೆ ಲೆ ಮಾನ್ ಒಂದು ತಾಸಿನ ದಾರಿ. ಊರಿನ ದಕ್ಷಿಣಕ್ಕೆ ನೇರವಾಗಿ ಚಾಚಿದ ಉನೋದಿಯೇರ್ ರಸ್ತೆಯ ಅಂಚಿನಲ್ಲಿ ನಿಂತಾಗ ನನಗೆ ನಂಬಿಕೆಯೇ ಬರಲಿಲ್ಲ. ಲಾರಿಗಳು, ಹೋಟೆಲು, ಮನೆಗಳ ಗೇಟು. ಯಾವ ಊರಿನ ಹೊರವಲಯದಲ್ಲೂ ಕಾಣುವ ನೋಟ. ಜೂನ್‌ನಲ್ಲಿ ಸಂಚಾರ ನಿಲ್ಲಿಸಿ ಇದೇ ಡಾಂಬರಿನ ಮೇಲೆ 24 ಗಂಟೆಯ ಕಾರು ಓಟ ನಡೆಸುತ್ತಾರೆ, ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ! ಬದಿಯ ಕಬ್ಬಿಣದ ತಡೆಯನ್ನು ಮುಟ್ಟಿ ನೋಡಿದೆ. ಬಿಸಿಲಿಗೆ ಕಾದಿತ್ತು, ಬೆರಳಿಗೆ ಕಪ್ಪು ಧೂಳು ಮೆತ್ತಿತು. ಅದರ ಹಿಂದೆಯೇ ಮರಗಳು.

ನನ್ನನ್ನು ಇಲ್ಲಿಗೆ ಎಳೆತಂದವರು ಡೆನ್ಮಾರ್ಕಿನ ಹೋಬ್ರೋ ಊರಿನ ಕಾರು ಓಟಗಾರ ಟಾಮ್ ಕ್ರಿಸ್ಟೆನ್ಸನ್. 1991ರಲ್ಲಿ ಜರ್ಮನಿಯ, 1993ರಲ್ಲಿ ಜಪಾನಿನ ಫಾರ್ಮುಲಾ ತ್ರೀ ಚಾಂಪಿಯನ್. ಆಮೇಲೆ ಫಾರ್ಮುಲಾ 3000. ಒಂಟಿ ಸೀಟಿನ ಕಾರುಗಳ ಏಣಿಯಲ್ಲಿ ಉಳಿದದ್ದು ಫಾರ್ಮುಲಾ ಒನ್ ಮಾತ್ರ. ಅಲ್ಲಿ ಒಂದೇ ಒಂದು ಓಟಕ್ಕೂ ಅವರಿಗೆ ಜಾಗ ಸಿಗಲಿಲ್ಲ.

1997ರಲ್ಲಿ ಲೆ ಮಾನ್ ಓಟಕ್ಕೆ ಕೆಲವೇ ದಿನ ಇದ್ದಾಗ ಯೋಸ್ಟ್ ಎಂಬ ಓಟದ ತಂಡದಿಂದ ಕರೆ ಬಂತು. ಜೊತೆಗಾರರು ಮಿಕೆಲೆ ಅಲ್ಬೊರೆಟೊ, ಸ್ಟೆಫಾನ್ ಯೋಹಾನ್ಸನ್. ಇಬ್ಬರೂ ಫೆರಾರಿಗೆ ಫಾರ್ಮುಲಾ ಒನ್ ಓಡಿಸಿದವರು. ಹೊಸಬ ಕ್ರಿಸ್ಟೆನ್ಸನ್ ಕತ್ತಲಲ್ಲಿ ಈ ರಸ್ತೆಗೆ ಇಳಿದರು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 80 ಮೀಟರಿಗೂ ಹೆಚ್ಚು ದಾರಿ ಸರಿದುಹೋಗುತ್ತದೆ; ಮುಂದೆ ನಿಧಾನದ ಕಾರುಗಳ ಕೆಂಪು ದೀಪ, ಕನ್ನಡಿಯಲ್ಲಿ ಬೆನ್ನಟ್ಟುವವರ ಬಿಳಿ ಬೆಳಕು. ಓಟದ ಅತಿ ವೇಗದ ಸುತ್ತು ಅವರದೇ ಆಯಿತು. ಗೆಲುವೂ ಮೂವರಿಗೇ ಸಿಕ್ಕಿತು.

ಒಂಟಿ ಸೀಟಿನ ಓಟದಲ್ಲಿ ತಂಡದ ಜೊತೆಗಾರನೇ ಮೊದಲ ಎದುರಾಳಿ. ಇಲ್ಲಿ ಹಾಗಲ್ಲ, ಒಂದೇ ಕಾರನ್ನು ಮೂವರೂ ಸರದಿಯಲ್ಲಿ ಓಡಿಸುತ್ತಾರೆ. ಬ್ರೇಕು, ಗೇರು, ಟೈರು ಎಲ್ಲವನ್ನೂ ಜೋಪಾನವಾಗಿ ಉಳಿಸಿ ಮುಂದಿನವನ ಕೈಗೆ ಒಪ್ಪಿಸಬೇಕು. ವೇಗಕ್ಕಿಂತ ಇದೇ ದೊಡ್ಡದೆಂದು ನನಗೆ ಅನ್ನಿಸಿದ್ದು ಊರೊಳಗೆ, ಗೆದ್ದವರ ಅಂಗೈ ಅಚ್ಚುಗಳಿರುವ ಕಂಚಿನ ಫಲಕಗಳನ್ನು ಬಗ್ಗಿ ನೋಡುವಾಗ. ಮೂವರ ಕೈಗಳು ಒಂದೇ ಫಲಕದಲ್ಲಿ!

ಕ್ರಿಸ್ಟೆನ್ಸನ್ ಇಲ್ಲಿ ಗೆದ್ದದ್ದು ಒಂಬತ್ತು ಸಲ. 2000ದಿಂದ 2005ರವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಕೊನೆಯದು 2013ರಲ್ಲಿ. ಆ ವರ್ಷವೇ ತಂದೆ ತೀರಿಕೊಂಡಿದ್ದರು. ಗೆದ್ದರೆ ಅವರಿಗೆ ಅರ್ಪಿಸುವ ಆಸೆ ಇತ್ತು. ಆದರೆ ಓಟ ಶುರುವಾದ ಸ್ವಲ್ಪ ಹೊತ್ತಿಗೇ ಡೆನ್ಮಾರ್ಕಿನವರೇ ಆದ ಓಟಗಾರ ಆಲನ್ ಸಿಮೊನ್ಸೆನ್ ಅಪಘಾತದಲ್ಲಿ ತೀರಿಹೋದರು. ಒಂಬತ್ತನೆಯ ಗೆಲುವನ್ನು ಕ್ರಿಸ್ಟೆನ್ಸನ್ ಆಲನ್ ಹೆಸರಿಗೆ ಒಪ್ಪಿಸಿದರು.