ಎರಡು ವರ್ಷಕ್ಕೊಮ್ಮೆ ತುಂಬುವ ಮನೆ

ತಾಳಗುಪ್ಪದಲ್ಲಿ ರೈಲು ಹಳಿ ಮುಗಿದುಹೋಗುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಬಂದ ರೈಲು ಬೆಳಗಿನ ತೆಳು ಮಂಜಿನಲ್ಲಿ ನಿಂತಿತು. ಇಲ್ಲಿ ಇಳಿಯುವವರು ಸಾಮಾನ್ಯವಾಗಿ ಜೋಗದ ದಾರಿ ಹಿಡಿಯುತ್ತಾರೆ. ಆ ದಿನ ಇಳಿದವರಲ್ಲಿ ಬಹಳ ಮಂದಿಯ ಕೈಯಲ್ಲಿ ಸಿಹಿತಿಂಡಿಯ ಡಬ್ಬಿ, ಮಕ್ಕಳ ಹೊಸ ಬಟ್ಟೆಯ ಚೀಲ, ಹೆಗಲ ಮೇಲೆ ನಿದ್ದೆ ತಿಳಿಯದ ಕೂಸು. 2024ರ ಮಾರ್ಚ್ 18, ಸೋಮವಾರ. ಮರುದಿನದಿಂದ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ. ಎಲ್ಲರೂ ಯಾರದೋ ಮನೆಗೆ ಹೊರಟವರು.

ತಾಳಗುಪ್ಪದಿಂದ ಸಿದ್ದಾಪುರದ ಮೇಲೆ ಶಿರಸಿಗೆ ಸುಮಾರು 55 ಕಿಲೋಮೀಟರ್. ಬಸ್ಸಿನ ತುಂಬ ಹೆಂಗಸರು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್‌ನಲ್ಲಿ. ಅದಾದ ಮೇಲೆ ಬಂದ ಮೊದಲ ಶಿರಸಿ ಜಾತ್ರೆ ಇದು. ನನ್ನ ಪಕ್ಕದ ಸೀಟಿನ ಅಜ್ಜಿ ಶಿಕಾರಿಪುರದ ಕಡೆಯವರು, ತಮ್ಮನ ಮನೆಗೆ ಹೊರಟಿದ್ದರು. ಮಡಿಲಲ್ಲಿ ಎರಡು ಕುಂಬಳಕಾಯಿ. "ಮೊದ್ಲಾದ್ರೆ ತವರಿಗೆ ಹೋಗ್ಬೇಕಂದ್ರೆ ಯಜಮಾನ್ರ ಕೈ ನೋಡ್ಬೇಕಿತ್ತು. ಈಗ ಆಧಾರ್ ಕಾರ್ಡು ತೋರ್ಸಿದ್ರೆ ಆಯ್ತು," ಎಂದು ಹೇಳಿ ಕಾರ್ಡನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಈ ಯೋಜನೆಯ ಲೆಕ್ಕಾಚಾರವನ್ನು ಪತ್ರಿಕೆಗಳಲ್ಲಿ ಓದಿದ್ದೆ. ತವರಿನ ದಾರಿ ಹೀಗೆ ಹತ್ತಿರವಾದದ್ದನ್ನು ಕಣ್ಣಾರೆ ನೋಡಿದ್ದು ಅಂದೇ.

ನನ್ನನ್ನು ಕರೆದವನು ಧಾರವಾಡದಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದ ಗೆಳೆಯ. ಈಗ ಬೆಂಗಳೂರಿನಲ್ಲಿ ಕೆಲಸ. ಅವನ ತಂದೆ-ತಾಯಿ ಶಿರಸಿಯಿಂದ ಒಂಬತ್ತು ಕಿಲೋಮೀಟರ್ ಒಳಗೆ, ಅಡಕೆ ತೋಟದ ನೆತ್ತಿಯ ಮೇಲಿರುವ ಹಳೆಯ ಮನೆಯಲ್ಲಿದ್ದಾರೆ. ಆಗ ತಂದೆಗೆ 74, ತಾಯಿಗೆ 69. ಹದಿನಾಲ್ಕು ಕಂಬದ ಜಗಲಿ, ನಾಲ್ಕು ಕೋಣೆ, ಮೇಲೆ ಉದ್ದಕ್ಕೂ ಮಾಳಿಗೆ. ಅಷ್ಟು ದೊಡ್ಡ ಮನೆಯಲ್ಲಿ ವರ್ಷದ ಬಹುಪಾಲು ದಿನ ಇಬ್ಬರೇ. ಶಿರಸಿ-ಸಿದ್ದಾಪುರದ ಹವ್ಯಕರ ಹಳ್ಳಿಗಳಲ್ಲಿ ಇಂಥ ಮನೆಗಳು ಈಗ ಸಾಲುಸಾಲಾಗಿ ಸಿಗುತ್ತವೆ. ಓದಿದ ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಎಂದು ಹೋದರು. ತೋಟ ನೋಡಿಕೊಂಡು ಹಿರಿಯರು ಉಳಿದರು.

ಆ ವಾರ ಮಾತ್ರ ಮನೆಯಲ್ಲಿ ಇಪ್ಪತ್ತೇಳು ಜನ.

ಒಳಗೆ ಕಾಲಿಡುವ ಮೊದಲೇ ಗೆಳೆಯನ ತಾಯಿ ಕೇಳಿದರು: "ಬನ್ನಿ ಬನ್ನಿ. ಆಸ್ರಿಗೆ ಎಂತ ಅಡ್ಡಿಲ್ಲೆ? ಮಜ್ಜಿಗೆನ, ಚಾನ?" ಆಸರಿ ಎಂದರೆ ಬಂದವರ ಬಾಯಾರಿಕೆಗೆ ಕೊಡುವ ಪಾನೀಯ. ಈ ಸೀಮೆಯಲ್ಲಿ ಆಸರಿ ಆಗದೆ ಯೋಗಕ್ಷೇಮದ ಮಾತೂ ಶುರುವಾಗುವುದಿಲ್ಲ. ಮಜ್ಜಿಗೆ ಬಂತು, ಜತೆಗೊಂದು ತುಂಡು ಬೆಲ್ಲ. ಹಿಂದೆಯೇ ಗೆಳೆಯನ ತಂದೆ ಕವಳದ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಎಲೆ, ಸುಣ್ಣ, ಅವರದೇ ತೋಟದ ಅಡಕೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಶಿರಸಿ ಅಡಕೆಯನ್ನು ಬೆಳೆದವರ ಜಗಲಿಯಲ್ಲೇ ಕೂತು ಮೆಲ್ಲುವ ಭಾಗ್ಯ ನನ್ನದಾಯಿತು.

ಮಾರ್ಚ್ ತಿಂಗಳಿಗೆ ಇಲ್ಲಿ ಒಂದು ಲಯವಿದೆ. ಅಡಕೆ ಕೊಯ್ದು, ಸುಲಿದು, ಒಣಗಿಸಿ ಮುಗಿದಿರುತ್ತದೆ. ಮಳೆಗಾಲ ಇನ್ನೂ ದೂರ. ಮಾವಿನ ಮರಗಳಲ್ಲಿ ಅಪ್ಪೆಮಿಡಿ ನೇತಾಡುತ್ತಿರುತ್ತದೆ, ಗದ್ದೆಯಂಚಿನಲ್ಲಿ ಆಲೆಮನೆಯ ಹೊಗೆ ಏಳುತ್ತಿರುತ್ತದೆ. ಕೈ ಸ್ವಲ್ಪ ಬಿಡುವಾಗಿ, ಕಣಜದಲ್ಲೂ ಏನಾದರೂ ಇರುವ ಕಾಲ ಇದೇ. ನೆಂಟರನ್ನು ಕರೆಯಲು ಇದಕ್ಕಿಂತ ಒಳ್ಳೆಯ ತಿಂಗಳು ಹುಡುಕಿದರೂ ಸಿಗದು.

ಸೋಮವಾರ ಸಂಜೆ ಪಕ್ಕದ ಊರಿನ ಆಲೆಮನೆಗೆ ಹೋದೆವು. ಹಿಂದೆ ಗಾಣ ತಿರುಗಿಸುತ್ತಿದ್ದದ್ದು ಕೋಣಗಳು, ಈಗ ಯಂತ್ರ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿದು ಕೆಂಪಾಗುತ್ತಿತ್ತು, ಸುತ್ತ ಕೂತವರಿಗೆ ಚೊಂಬಿನಿಂದ ಲೋಟಕ್ಕೆ ಹಸಿ ಹಾಲು ಸುರಿಯುತ್ತಲೇ ಇದ್ದರು. ಸಿಹಿ ಮುಖಕ್ಕೆ ಹೊಡೆದರೆ ಖಾರಕ್ಕೆಂದು ಮಂಡಕ್ಕಿ, ಮಿರ್ಚಿ. ಪುಣೆಯಿಂದ ಬಂದ ಗೆಳೆಯನ ತಂಗಿ ತನ್ನ ಮರಾಠಿ ಗೆಳತಿಯನ್ನೂ ಕರೆತಂದಿದ್ದಳು. ಆಕೆಗೆ ಕನ್ನಡದ ಒಂದಕ್ಷರ ತಿಳಿಯದು. ಮೂರನೆಯ ಲೋಟಕ್ಕೆ ಕೈ ಅಡ್ಡ ಹಿಡಿದಳು. ಬಡಿಸುವವರು ಆ ಕೈಯನ್ನೇ ಮೆಲ್ಲಗೆ ಸರಿಸಿ ಲೋಟ ತುಂಬಿಸಿದರು. ಆಮೇಲೆ ಆಕೆ ಕಲಿತ ಮೊದಲ ಕನ್ನಡ ಶಬ್ದ "ಸಾಕು". ಈ ಊರಿನಲ್ಲಿ ಅಷ್ಟೇನೂ ಉಪಯೋಗಕ್ಕೆ ಬಾರದ ಶಬ್ದ.

ಮಂಗಳವಾರ ಬೆಳಗ್ಗೆ ಹಿತ್ತಲಿನ ಒಲೆಯ ಮೇಲೆ ತೊಡೆದೇವಿನ ಗಡಿಗೆ ಏರಿತು. ಇದನ್ನು ನಾನು ಎರಡು ತಾಸು ಕದಲದೆ ನೋಡಿದೆ. ದುಂಡನೆಯ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿದ್ದಾರೆ, ಕೆಳಗೆ ಬೆಂಕಿ. ನುಣ್ಣಗೆ ರುಬ್ಬಿದ ಅಕ್ಕಿಗೆ ಕಬ್ಬಿನಹಾಲು ಸೇರಿಸಿದ ಹಿಟ್ಟು ನೀರಿನಷ್ಟು ತೆಳ್ಳಗಿದೆ. ಕೋಲಿಗೆ ಸಿಕ್ಕಿಸಿದ ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಂದೇ ಬೀಸಿಗೆ ತೊಡೆಯಬೇಕು. ತೊಡೆಯುವುದರಿಂದಲೇ ಅದು ತೊಡೆದೇವು. ಚುರ್ ಎನ್ನುವಷ್ಟರಲ್ಲಿ ಹಿಟ್ಟು ಹೊನ್ನಿನ ಬಣ್ಣದ ಹಾಳೆಯಾಗುತ್ತದೆ. ಅಂಚು ಏಳುತ್ತಿದ್ದಂತೆ ಉಗುರಿನಿಂದ ಬಿಡಿಸಿ, ಬಿಸಿ ಆರುವ ಮೊದಲೇ ಮಡಿಸಬೇಕು. ಕ್ಷಣ ತಡವಾದರೆ ಮುರಿದು ಚೂರು. ಗೆಳೆಯನ ತಾಯಿ ತೊಡೆಯುತ್ತಿದ್ದರು, ಅವರ ನಾದಿನಿ ಮಡಿಸುತ್ತಿದ್ದರು. ಇಬ್ಬರ ನಡುವೆ ಮಾತಿಲ್ಲ, ಕೈಗಳದ್ದೇ ಲೆಕ್ಕ. ಮುರಿದದ್ದೆಲ್ಲ ಸುತ್ತ ನಿಂತ ಮಕ್ಕಳ ಪಾಲು. ಹುಡುಗನೊಬ್ಬ "ಇನ್ನೊಂದು ಮುರೀಲಿ ದೇವ್ರೇ" ಎಂದು ಕೈಮುಗಿದು ನಿಂತಿದ್ದ.

ಕಾಗದಕ್ಕಿಂತ ತೆಳುವಾದ ಈ ತಿಂಡಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ತಿನ್ನುವಾಗ ಬಿಸಿ ಹಾಲು, ತುಪ್ಪ ಸುರಿದರೆ ಮೆತ್ತಗಾಗುತ್ತದೆ. ದೂರದ ಊರಿಗೆ ಹೋಗುವವರ ಚೀಲಕ್ಕೆ ಹೇಳಿ ಮಾಡಿಸಿದಂತಿದೆ. ಬಂದವರನ್ನು ಉಪಚರಿಸುವಾಗಲೇ ಅವರು ಹೊರಡುವ ದಿನಕ್ಕೂ ಅಡುಗೆ ನಡೆದಿರುತ್ತದೆ ಎನ್ನುವುದು ನನಗೆ ತಿಳಿದದ್ದು ಆ ಒಲೆಯ ಮುಂದೆ.

ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ಬೆಳಗ್ಗೆ ರಥ. ಜಾತ್ರೆ ಒಂಬತ್ತು ದಿನದ್ದು. ಏಳಡಿ ಎತ್ತರದ ಮರದ ಮೂರ್ತಿ; ಹಾನಗಲ್ ರಸ್ತೆಯ ಕೆರೆಯೊಂದರಲ್ಲಿ ಸಿಕ್ಕಿತು ಎಂಬುದು ಊರವರ ನಂಬಿಕೆ. ದೇವಸ್ಥಾನ ಕಟ್ಟಿದ್ದು 1688ರಲ್ಲಿ ಎನ್ನುತ್ತಾರೆ. ಅದರ ಒಳಪೌಳಿಯ ಗೋಡೆಗಳಲ್ಲಿ ಕಾವಿ ಚಿತ್ರಗಳಿವೆ, ನಿಂತು ನೋಡಬೇಕಾದಂಥವು. ದೇವಿಯನ್ನು ಇಲ್ಲಿ ಯಾರೂ ಉದ್ದ ಹೆಸರಿನಿಂದ ಕರೆಯುವುದಿಲ್ಲ, "ದೊಡ್ಡಮ್ಮ" ಅಷ್ಟೆ. ಈ ದೊಡ್ಡಮ್ಮ ಎರಡು ವರ್ಷಕ್ಕೊಮ್ಮೆ ಗುಡಿಯಿಂದ ಹೊರಬಂದು, ಊರ ನಡುವಿನ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಜಾತ್ರೆ ಮುಗಿದ ಮೇಲೆ ಯುಗಾದಿಯವರೆಗೆ ದರ್ಶನವಿಲ್ಲ.

ರಥ ಸಾಗುವ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೆಳೆಯನ ತಂದೆ ನಮ್ಮನ್ನು ಪರಿಚಯದವರೊಬ್ಬರ ಅಂಗಡಿಯ ಮಹಡಿಗೆ ಹತ್ತಿಸಿದರು. ಆ ಮಹಡಿಯಲ್ಲೂ ಐವತ್ತು ಜನ ನೆಂಟರು. ಅಂಗಡಿಯವರ ಹೆಂಡತಿ ಯಾರು ಯಾರ ಕಡೆಯವರು ಎಂದು ಕೇಳಲೂ ಇಲ್ಲ, ಎಲ್ಲರ ಕೈಗೂ ಪಾನಕದ ಲೋಟ ಕೊಟ್ಟರು. ರಥ ಹತ್ತಿರ ಬಂದಾಗ ಕೆಳಗಿನ ಜನಸಾಗರ ಒಮ್ಮೆಲೇ ಕೈ ಎತ್ತಿತು. ಬಾಳೆಹಣ್ಣುಗಳು ಮಳೆಯಂತೆ ರಥದ ಕಡೆ ಹಾರಿದವು. ಕೆಂಪು ಮುಖದ, ದೊಡ್ಡ ಕಣ್ಣಿನ ದೊಡ್ಡಮ್ಮ ನಮ್ಮ ಎತ್ತರಕ್ಕೇ ಬಂದು ಹಾದುಹೋದಳು. ಮರಾಠಿ ಗೆಳತಿ ಅಳುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ನನ್ನ ಗಂಟಲೂ ಕಟ್ಟಿತ್ತು.

ಆ ಮಹಡಿಯ ಮೇಲೇ ಗೆಳೆಯನ ತಂದೆ 1934ರ ಮಾತು ತೆಗೆದರು. ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಆ ವರ್ಷ ಶಿರಸಿಗೆ ಬಂದಿದ್ದರು. ಜಾತ್ರೆಯಲ್ಲಿ ಆಗ ಕೋಣ ಬಲಿ ಇತ್ತು. ಬಲಿ ಕೊಡುವ ಗುಡಿಯೊಳಗೆ ಕಾಲಿಡಲಾರೆ ಎಂದರು ಗಾಂಧೀಜಿ. ಊರು ಆ ಮಾತನ್ನು ಕೇಳಿಸಿಕೊಂಡಿತು. ಕೋಣ ಬಲಿ ನಿಂತುಹೋಯಿತು. "ಬಂದ ನೆಂಟ ಹೇಳಿದ್ದು ಮನೆಯವರಿಗೆ ಹಿಡಿಸಿತು," ಎಂದರು ಅವರು, ನಿನ್ನೆ ಮೊನ್ನೆ ನಡೆದಂತೆ. ನೂರು ವರ್ಷ ಹತ್ತಿರವಾದರೂ ಗಾಂಧೀಜಿ ಅವರ ಬಾಯಲ್ಲಿ ನೆಂಟರೇ.

ಸಂಜೆಯ ಪೇಟೆಯ ವಿಷಯ ಬರೆಯತೊಡಗಿದರೆ ಮುಗಿಯದು. ಬಳೆ ಅಂಗಡಿ, ಬೆಂಡು-ಬತ್ತಾಸು, ತಿರುಗುವ ತೊಟ್ಟಿಲು, ಬಾವಿಯೊಳಗೆ ಓಡುವ ಬೈಕು, ನಾಟಕ ಕಂಪನಿಗಳ ಟೆಂಟು, ಬೆಳಗಿನವರೆಗೆ ಯಕ್ಷಗಾನ. ಮನೆಯ ಹೆಂಗಸರು ಬಳೆ ತೊಡಿಸಿಕೊಳ್ಳಲು ಸಾಲಾಗಿ ಕೂತದ್ದನ್ನು ಮಾತ್ರ ಹೇಳಬೇಕು. ಹಿರಿಯಳಿಂದ ಕಿರಿಯಳವರೆಗೆ ಹನ್ನೊಂದು ಜನ, ಕೊನೆಯಲ್ಲಿ ಆ ಮರಾಠಿ ಗೆಳತಿ. ಹನ್ನೆರಡು ಜನರ ಕೈಗೂ ಒಂದೇ ಹಸಿರು. ದುಡ್ಡು ಕೊಟ್ಟವರು ಗೆಳೆಯನ ತಾಯಿ. ಮಗಳಿಗೆ ಕೊಟ್ಟ ಹಾಗೆ ಮಗಳ ಗೆಳತಿಗೂ.

ಇಪ್ಪತ್ತೇಳು ಜನರ ಮನೆ ನಡೆಯುವುದು ಹೇಗೆ ಎಂಬುದು ನನ್ನ ಕುತೂಹಲವಾಗಿತ್ತು. ಹಿಂದೆ ಎಲ್ಲ ಭಾರ ಮನೆಯ ಹೆಂಗಸರ ಮೇಲೆ ಬೀಳುತ್ತಿತ್ತು. ಜಾತ್ರೆಯೆಂದರೆ ತನಗೆ ವರ್ಷಗಟ್ಟಲೆ ಹೊಗೆ ಮಾತ್ರ ಕಾಣುತ್ತಿತ್ತು, ರಥ ಕಂಡದ್ದೇ ಕಡಿಮೆ ಎಂದರು ಗೆಳೆಯನ ತಾಯಿ. ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ, ಕೇಳುವಾಗ ನನಗೆ ಕಷ್ಟವಾಯಿತು. ಈಗ ಮಕ್ಕಳು ಎರಡು ತಿಂಗಳ ಮುಂಚೆಯೇ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತಾರೆ. ಒಬ್ಬ ಹಾಸಿಗೆ-ಹೊದಿಕೆ ತರಬೇಕು, ಇನ್ನೊಬ್ಬಳು ಎರಡು ದಿನ ಮುಂಚೆ ಬಂದು ಮಾಳಿಗೆ ಗುಡಿಸಬೇಕು. ಮಧ್ಯಾಹ್ನದ ಊಟಕ್ಕೆ ಮೂರು ದಿನ ಅಡುಗೆಯವರು. ಅವರ ಸಂಬಳ ಮಕ್ಕಳದ್ದು. ರಥದ ದಿನ ಅಮ್ಮ ಒಲೆಯ ಹತ್ತಿರ ಸುಳಿಯಕೂಡದು ಎಂಬುದು ತಂಗಿ ಮಾಡಿದ ಕಟ್ಟಪ್ಪಣೆ. ಆ ಬುಧವಾರ ಮಹಡಿಯ ಮುಂದಿನ ಸಾಲಿನಲ್ಲಿ ಕೂತವರು ಗೆಳೆಯನ ತಾಯಿಯೇ. ಮನೆ ಹಿರಿಯರದ್ದಾಗಿಯೇ ಉಳಿದು, ದುಡಿಮೆ ಕಿರಿಯರ ಕೈಗೆ ಬಂದಿದೆ. ಈ ಜಾತ್ರೆಯಲ್ಲಿ ನಾನು ಕಂಡ ಎಲ್ಲಕ್ಕಿಂತ ದೊಡ್ಡ ಸಂಗತಿ ಇದು.

ತೋಟದ ಕೆಲಸಕ್ಕೆ ಬರುವ ಮನುಷ್ಯ ಆ ವಾರ ಬರಲಿಲ್ಲ. ಅವರ ಮನೆಯಲ್ಲೂ ಹದಿನಾಲ್ಕು ನೆಂಟರು. ಅಲ್ಲಿ ಕೋಳಿಸಾರು, ಇಲ್ಲಿ ಮಿಡಿಮಾವಿನ ಅಪ್ಪೆಹುಳಿ. ಎರಡೂ ಮನೆಯವರು ಪೇಟೆಯಲ್ಲಿ ಎದುರಾದಾಗ ಒಬ್ಬರನ್ನೊಬ್ಬರು ಕೇಳಿದ ಪ್ರಶ್ನೆ ಒಂದೇ: "ನಿಮ್ಮಲ್ಲಿ ಎಷ್ಟು ಜನ?"

ಅಪ್ಪೆಹುಳಿ ಕುಡಿದರೆ ನಿದ್ದೆ ತಡೆಯಲಾಗದು ಎಂದು ಕೇಳಿದ್ದೆ. ಗುರುವಾರ ಮಧ್ಯಾಹ್ನ ಮೂರು ಲೋಟ ಕುಡಿದು ಜಗಲಿಯಲ್ಲಿ ಒರಗಿದವನಿಗೆ ಒಳಗಿನಿಂದ ಕೂಗು ಕೇಳಿತು: "ಏ ತಮಾ, ರಾತ್ರಿ ಊಟಕ್ಕೆ ಸ್ವಲ್ಪ ಬಾಳೆ ಕೊಯ್ಕ ಬಾ." ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡೆ. ಮತ್ತೊಮ್ಮೆ ಕೂಗಿದಾಗ ತಲೆ ಎತ್ತಿ ನೋಡಿದರೆ ಗೆಳೆಯನ ತಾಯಿ ಬಾಗಿಲಲ್ಲಿ ಕತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಸೋಮವಾರ "ಬನ್ನಿ" ಎಂದವರು ಗುರುವಾರ "ಬಾ" ಎಂದರು. ತುಮಕೂರಿನ ಬಯಲಿನಲ್ಲಿ ನನ್ನ ತಾಯಿ ಹೀಗೆ ಕರೆದು ಆರು ವರ್ಷವಾಗಿತ್ತು. ಕತ್ತಿ ತೆಗೆದುಕೊಂಡು ತೋಟಕ್ಕೆ ಇಳಿದೆ. ಹಳದಿಯಾಗದ, ಹರಿಯದ ಎಲೆ ಆರಿಸುವುದು ಕಲಿಯಬೇಕಾದ ವಿದ್ಯೆಯೇ. ಮೂವತ್ತು ಕೊಯ್ದೆ, ಎಂಟು ತಿರಸ್ಕಾರವಾದವು.

ಶುಕ್ರವಾರ ಸಂಜೆ ಹೊರಡುವಾಗ ನನ್ನ ಚೀಲ ಬಂದಾಗಿನ ಎರಡರಷ್ಟಾಗಿತ್ತು. ಜೋನಿಬೆಲ್ಲದ ಡಬ್ಬಿ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಮಿಡಿ. ತೊಡೆದೇವಿನ ಡಬ್ಬಿಯನ್ನು ಚೀಲಕ್ಕೆ ಹಾಕಲು ಬಿಡಲಿಲ್ಲ, ಕೈಗೇ ಕೊಟ್ಟರು. "ತೊಡೆ ಮೇಲೆ ಇಟ್ಕ. ಅಲುಗಿದ್ರೆ ಪುಡಿ ಆಗ್ತು." ಗೆಳೆಯನ ತಂದೆ ಹೆಬ್ಬಾಗಿಲ ತನಕ ಬಂದರು. ಮುಂದಿನ ಜಾತ್ರೆಗೆ ತನಗೆ ಎಷ್ಟು ವರ್ಷ ತುಂಬಿರುತ್ತದೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಿ, "ಎಪ್ಪತ್ತಾರು" ಎಂದರು. ಮಾಳಿಗೆಯ ಕಿಟಕಿಯಿಂದ ಹಾಸಿಗೆ ಕೊಡವುವ ಸದ್ದು ಬರುತ್ತಿತ್ತು. ನಾನು ಮಲಗಿದ್ದ ಜಾಗಕ್ಕೆ ಆ ರಾತ್ರಿ ಹುಬ್ಬಳ್ಳಿಯಿಂದ ಇನ್ನಾರೋ ಬರುವವರಿದ್ದರು.

ತಾಳಗುಪ್ಪದಿಂದ ಹೊರಟ ರಾತ್ರಿಯ ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ. ಎದುರಿನ ಸೀಟಿನ ಗಂಡ-ಹೆಂಡತಿಯ ನಡುವೆಯೂ ಅಂಥದ್ದೇ ಒಂದು ಸ್ಟೀಲ್ ಡಬ್ಬಿ ಇತ್ತು. ಸಾಗರ ದಾಟಿದ ಮೇಲೆ ಆಕೆ ನನ್ನ ಡಬ್ಬಿಯ ಕಡೆ ನೋಡಿ ಕೇಳಿದರು, "ತೊಡೆದೇವಾ? ಯಾರ ಮನೆಯದು?"