ಮೇಗುಟಿ ಗುಡ್ಡದ ಬೌದ್ಧಾಲಯ

ತಾಂಡವಪುರ, ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ನಮ್ಮ ಮನೆತನಗಳಲ್ಲಿ ಕೂಡಲಸಂಗಮವನ್ನು ಒಮ್ಮೆಯಾದರೂ ಕಂಡುಬರಬೇಕೆಂಬ ಹಂಬಲ ಹಿರಿಯರ ಕಾಲದಿಂದ ಬಂದದ್ದು. ಕಪಿಲೆಯು ಕಾವೇರಿಯನ್ನು ಕೂಡುವ ಸಂಗಮವನ್ನು ನೋಡುತ್ತ ಬೆಳೆದವರಿಗೆ ಕೃಷ್ಣೆ ಮಲಪ್ರಭೆಗಳ ಸಂಗಮವನ್ನೂ, ಅಲ್ಲಿ ಬಯಲಾದ ಬಸವಣ್ಣನವರ ಐಕ್ಯಸ್ಥಳವನ್ನೂ ನೋಡುವ ಆಸೆ ಸಹಜವಾದುದೇ. ಕಳೆದ ಮಾರ್ಗಶಿರದಲ್ಲಿ ನಾವು, ನಮ್ಮ ಮನೆಯವರು, ಹಿರಿಯಕ್ಕನವರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಹೀಗೆ ಏಳು ಮಂದಿ ಮೈಸೂರಿನಲ್ಲಿ ರೈಲು ಹತ್ತಿ ಮರುದಿನ ಬಾದಾಮಿಯಲ್ಲಿ ಇಳಿದೆವು. ಅಲ್ಲಿಂದ ಬಾಡಿಗೆಯ ವಾಹನ. ಪಟ್ಟದಕಲ್ಲನ್ನು ನೋಡಿ, ಐಹೊಳೆಯ ಮೇಲೆ ಹಾದು, ಸಂಜೆಯ ಹೊತ್ತಿಗೆ ಸಂಗಮವನ್ನು ಸೇರುವುದೆಂದು ನಿಶ್ಚಯಿಸಿದ್ದೆವು.

ಐಹೊಳೆಗೆ ಹೋದ ಯಾತ್ರಿಕರಲ್ಲಿ ಬಹುಮಂದಿ ದುರ್ಗದ ಗುಡಿ, ಲಾಡಖಾನನ ಗುಡಿಗಳನ್ನು ಕಂಡು, ಹುಲ್ಲುಹಾಸಿನ ಮೇಲೆ ಕುಳಿತು ಬುತ್ತಿ ಬಿಚ್ಚಿ, ಹಿಂದಿರುಗುತ್ತಾರೆ. ತಪ್ಪೇನಲ್ಲ. ನೂರಕ್ಕೂ ಮಿಕ್ಕ ಗುಡಿಗಳಿರುವ ಊರಿನಲ್ಲಿ ಎಲ್ಲವನ್ನೂ ಒಂದೇ ದಿನ ನೋಡಲು ಯಾರಿಂದಲೂ ಆಗದು. ಆದರೆ ಊರಿನ ಅಂಚಿನಲ್ಲಿ ಏಳುವ ಮೇಗುಟಿ ಗುಡ್ಡವನ್ನು ಹತ್ತದೆ ಬಂದವರು ಐಹೊಳೆಯ ಅರ್ಧವನ್ನು ಬಿಟ್ಟುಬಂದರೆಂದೇ ನಮ್ಮ ಅಭಿಪ್ರಾಯ. ಮೇಲಿನ ಗುಡಿ ಎಂಬುದೇ ಮೇಗುಡಿಯಾಗಿ, ಮೇಗುಟಿಯಾಗಿ ನಿಂತಿದೆ. ಗುಡ್ಡದ ನೆತ್ತಿಯಲ್ಲಿ ಜಿನಾಲಯ. ಅದಕ್ಕಿಂತ ಕೆಳಗೆ, ಏರುದಾರಿಯಲ್ಲಿ, ಎರಡು ಅಂತಸ್ತಿನ ಬೌದ್ಧಾಲಯ. ನಾವು ಮುಖ್ಯವಾಗಿ ಇದನ್ನು ನೋಡಲೆಂದೇ ಹೋದುದು.

ಮೆಟ್ಟಿಲುಗಳ ಬುಡದಲ್ಲಿಯೇ ಅಕ್ಕನವರು ನಿಂತುಬಿಟ್ಟರು. ಮೇಲೆ ತಲೆಯಿಲ್ಲದ ಮೂರ್ತಿಯಿದೆಯೆಂದು ಯಾರೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. "ಸಂಗಮನಾಥನ ದರ್ಶನಕ್ಕೆ ಹೊರಟೋರು ದಾರೀಲಿ ಭಿನ್ನವಾದ ವಿಗ್ರಹ ನೋಡ್ಬಾರದಪ್ಪ. ನೀವೆಲ್ಲ ಹೋಗಿಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಎಂದರು. ನಮ್ಮ ತಾಯಿಯವರೂ ಹೀಗೆಯೇ ಹೇಳುತ್ತಿದ್ದರು; ಆ ಮಾತನ್ನು ನಗೆಯಾಡಿ ತಳ್ಳಿಹಾಕುವ ಮನಸ್ಸಾಗಲಿಲ್ಲ. "ಅಕ್ಕ, ಭಿನ್ನಮೂರ್ತಿಗೆ ಪೂಜೆ ಸಲ್ಲದು ಅಂತ ಹಿರಿಯರು ಹೇಳಿದ್ದಾರೆ. ಅದು ಪೂಜೆಯ ಮಾತು. ನಾವು ಪೂಜೆಗೆ ಹೋಗ್ತಾ ಇಲ್ಲವಲ್ಲ. ಅಂಗೈಮೇಲೆ ಲಿಂಗ ಇಟ್ಟುಕೊಂಡೋರಿಗೆ ಕಲ್ಲು ಮುರಿದಿದ್ದರಿಂದ ಯಾವ ಕೇಡು?" ಎಂದೆವು. ಅವರು ಕೂಡಲೇ ಒಪ್ಪಲಿಲ್ಲ. ನಾವು ಹತ್ತು ಮೆಟ್ಟಿಲು ಏರಿದ ಮೇಲೆ, ಮೊಮ್ಮಗಳ ಕೈ ಹಿಡಿದು ಹಿಂದೆಯೇ ಬಂದರು.

ಬೌದ್ಧಾಲಯದ ರಚನೆ ವಿಶಿಷ್ಟವಾದುದು. ಅರ್ಧವನ್ನು ಬಂಡೆಯಲ್ಲಿ ಕೊರೆದು, ಉಳಿದರ್ಧವನ್ನು ಕಲ್ಲಿನಿಂದ ಕಟ್ಟಿದ್ದಾರೆ. ಕೆಳಗೊಂದು, ಮೇಲೊಂದು ಕಂಬಗಳ ಮೊಗಸಾಲೆ. ಅವುಗಳ ಹಿಂದೆ ಗುಡ್ಡದೊಳಕ್ಕೆ ಸೇರಿಕೊಂಡ ಕೋಣೆಗಳು. ಚೌಕಾಕಾರದ ಕಂಬಗಳಲ್ಲಿ ಆಡಂಬರವಿಲ್ಲ. ಮೇಲಂತಸ್ತಿನ ಬಾಗಿಲವಾಡವನ್ನು ಮಾತ್ರ ಶಿಲ್ಪಿ ಕೈತುಂಬ ಕೆತ್ತಿದ್ದಾನೆ. ಮೊಗಸಾಲೆಯಲ್ಲಿ ನಿಂತು ತಲೆಯೆತ್ತಿದರೆ ಛಾವಣಿಯಲ್ಲಿ ಛತ್ರದ ಕೆಳಗೆ ಕುಳಿತ ಬುದ್ಧನ ಉಬ್ಬುಶಿಲ್ಪ. ಇದನ್ನು ವಿದ್ವಾಂಸರು ಸ್ಥೂಲವಾಗಿ 5ನೆಯ ಶತಮಾನದ ಕೊನೆಗೋ 6ನೆಯ ಶತಮಾನಕ್ಕೋ ಸೇರಿಸುತ್ತಾರೆ. ಅಂದರೆ ಕಲ್ಯಾಣದ ಶರಣರಿಗಿಂತ ಆರುನೂರು ವರ್ಷ ಹಿಂದಿನದು.

ಮಧ್ಯಾಹ್ನದ ಬಿಸಿಲಿನಲ್ಲಿಯೂ ಒಳಗೆ ತಂಪು. ಭಿಕ್ಷುಗಳು ಇಂತಹ ಕೋಣೆಯಲ್ಲಿ ಮಳೆಗಾಲದ ತಿಂಗಳುಗಳನ್ನು ಕಳೆಯುತ್ತಿದ್ದರು. ವರ್ಷಾವಾಸದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸಬೇಕೆಂಬುದು ಅವರ ನಿಯಮ. ಚಿಕ್ಕಂದಿನಲ್ಲಿ ಮಠದ ಸಾಲುಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ, ಬೆಳಗಿನ ಜಾವದಲ್ಲಿ ಎದ್ದು ಪಾಠ ಒಪ್ಪಿಸಿದ ನಮಗೆ ಆ ಇಕ್ಕಟ್ಟಾದ ಕೋಣೆಗಳು ಪರಕೀಯವೆನಿಸಲಿಲ್ಲ.

ಸೊಸೆ ಒಳ್ಳೆಯ ಪ್ರಶ್ನೆಯನ್ನು ಕೇಳಿದಳು: "ಮಾವ, ಮೇಲಿರೋದು ಜೈನರದು, ಇದು ಬೌದ್ಧರದು ಅಂತೀರಿ. ಎರಡೂ ಕಡೆ ಕಾಲು ಮಡಿಸಿ ಕೂತ ಮೂರ್ತಿಗಳೇ. ಗುರುತು ಹಿಡಿಯೋದು ಹೇಗೆ?" ಓದುಗರಲ್ಲಿಯೂ ಈ ಸಂದೇಹ ಇದ್ದೀತು. ಬುದ್ಧನಿಗೆ ಚೀವರವೆಂಬ ಹೊದಿಕೆಯುಂಟು. ಎಷ್ಟೇ ತೆಳುವಾಗಿ ಕೆತ್ತಿದ್ದರೂ ಎಡಹೆಗಲ ಮೇಲೋ ಕಾಲುಗಳ ಬಳಿಯೋ ಅದರ ಅಂಚು ಕಂಡೀತು. ನೆತ್ತಿಯಲ್ಲಿ ಉಷ್ಣೀಷವೆಂಬ ಉಬ್ಬು. ದಿಗಂಬರ ಪಂಥದ ತೀರ್ಥಂಕರನ ಮೈಮೇಲೆ ವಸ್ತ್ರದ ಗೆರೆಯಿರದು. ತಲೆಯ ಮೇಲೆ ಸಾಮಾನ್ಯವಾಗಿ ಮುಕ್ಕೊಡೆ. ಕೈಗಳನ್ನೂ ನೋಡಬೇಕು. ಕುಳಿತ ತೀರ್ಥಂಕರ ಧ್ಯಾನಮುದ್ರೆಯಲ್ಲಿಯೇ ಇರುತ್ತಾನೆ. ಬುದ್ಧನು ಅಭಯ ನೀಡುವುದೂ, ನೆಲವನ್ನು ಮುಟ್ಟಿ ಭೂಮಿಯನ್ನು ಸಾಕ್ಷಿಗೆ ಕರೆಯುವುದೂ, ಧರ್ಮಬೋಧೆ ಮಾಡುವುದೂ ಉಂಟು.

ತಲೆಯಿಲ್ಲದ ಬುದ್ಧನ ಮುಂದೆ ಮೊಮ್ಮಗ ಬಹಳ ಹೊತ್ತು ನಿಂತ. "ಇದನ್ನ ಯಾರು ಒಡೆದದ್ದು ತಾತ?" ಎಂದ. ಮಕ್ಕಳು ಮಾತ್ರವಲ್ಲ, ದೊಡ್ಡವರೂ ಇಂತಹ ಕಡೆ ಮೊದಲು ಕೇಳುವುದು ಇದನ್ನೇ. ಉತ್ತರವನ್ನೂ ಮನಸ್ಸಿನಲ್ಲಿ ಮೊದಲೇ ಇಟ್ಟುಕೊಂಡಿರುತ್ತಾರೆ. ಕಲ್ಲಿನ ಮೂರ್ತಿಗೆ ಕುತ್ತಿಗೆಯೇ ಬಲಹೀನವಾದ ಎಡೆ. ಉರುಳಿಬಿದ್ದರೆ ಮೊದಲು ಮುರಿಯುವುದು ಅಲ್ಲಿಯೇ. ವಿಗ್ರಹ ಕದಿಯುವವರೂ ತಲೆಯನ್ನೇ ಒಯ್ಯುತ್ತಾರೆ, ಹೊರಲು ಸುಲಭವೆಂದು. ದ್ವೇಷದಿಂದ ಒಡೆದದ್ದೂ ಲೋಕದಲ್ಲಿ ಉಂಟು. ಶಾಸನದ ಆಧಾರವಿಲ್ಲದೆ ಯಾವುದೋ ಒಂದು ಮತದವರ ಮೇಲೆ ಅಪವಾದ ಹೊರಿಸುವುದು ವಿದ್ಯಾವಂತರಿಗೆ ತಕ್ಕುದಲ್ಲವೆಂದು ಹುಡುಗನಿಗೆ ತಿಳಿಯುವಂತೆ ಹೇಳಿದೆವು. ಅವನು ಬಿಡಲಿಲ್ಲ. "ಹಾಗಾದ್ರೆ ಈ ಗುಡಿಯೋರೆಲ್ಲ ಎಲ್ಲಿಗೆ ಹೋದ್ರು?"

ಈ ಪ್ರಶ್ನೆಗೆ ಮೆಟ್ಟಿಲ ಮೇಲೆ ಕುಳಿತೇ ಉತ್ತರಿಸಬೇಕಾಯಿತು. ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಸುಮಾರು 640ರಲ್ಲಿ ಇಮ್ಮಡಿ ಪುಲಿಕೇಶಿಯ ನಾಡಿಗೆ ಬಂದಾಗ ಅಲ್ಲಿ ನೂರರಷ್ಟು ವಿಹಾರಗಳಿದ್ದುವೆಂದೂ, ಐದು ಸಾವಿರದಷ್ಟು ಭಿಕ್ಷುಗಳಿದ್ದರೆಂದೂ ಬರೆದಿದ್ದಾನೆ. ಅದಕ್ಕೂ ಹಿಂದೆ, ಭೀಮಾತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಮಹಾಸ್ತೂಪವೇ ಇತ್ತು. 1990ರ ದಶಕದಲ್ಲಿ ಆರಂಭವಾದ ಉತ್ಖನನದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ದೊರೆಯಿತು. ಸನ್ನತಿಯ ಚಂದ್ರಲಾಂಬೆಯ ಆವರಣದಲ್ಲಿ 1986ರಲ್ಲಿ ಕಾಳಿಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಮಂಜುನಾಥನ ಗುಡಿಯಲ್ಲಿ ಇಂದಿಗೂ ಇದೆ. ಗದಗಿನ ಬಳಿಯ ಡಂಬಳದಲ್ಲಿ 1095ರ ಸುಮಾರಿಗೆ ಸೆಟ್ಟಿಗಳು ಕಟ್ಟಿಸಿದ ವಿಹಾರವೂ ತಾರಾದೇವಿಯ ಆಲಯವೂ ಇದ್ದುವು. ನಮ್ಮವರಿಗೆ ಹತ್ತಿರದ ನಿದರ್ಶನ ಬಳ್ಳಿಗಾವೆಯದು. ಅಲ್ಲಮಪ್ರಭುಗಳ ಹುಟ್ಟೂರೆಂದು ನಾವು ನಂಬುವ ಆ ಪಟ್ಟಣದ ಪಂಚಮಠಗಳಲ್ಲಿ ಹರಿಹರ ಬ್ರಹ್ಮರ, ಜಿನನ ಮಠಗಳ ಜೊತೆಗೆ ಬುದ್ಧನದೂ ಒಂದಾಗಿತ್ತು. ಅಂದರೆ ಬೌದ್ಧರು ಒಂದು ದಿನ ಒಂದು ಯುದ್ಧದಲ್ಲಿ ಇಲ್ಲವಾದವರಲ್ಲ. ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಈ ನೆಲದಲ್ಲಿ ಬಾಳಿ, ಮೆಲ್ಲಮೆಲ್ಲನೆ ಕರಗಿದವರು.

ಕಾರಣವೇನೆಂಬ ಬಗ್ಗೆ ಗ್ರಂಥಗಳೇ ಹುಟ್ಟಿವೆ. ನಮಗೆ ತೋರುವ ಒಂದು ಕಾರಣವನ್ನಷ್ಟೇ ಹೇಳುತ್ತೇವೆ. ಆ ಧರ್ಮದ ಜೀವವು ವಿಹಾರದಲ್ಲಿತ್ತು. ವಿಹಾರದ ಜೀವವು ದಾನದಲ್ಲಿತ್ತು. ಮಗು ಹುಟ್ಟಿದಾಗ, ಮದುವೆಯಾದಾಗ ಮನೆಯೊಳಗೆ ನಡೆಯಬೇಕಾದ ಆಚಾರಗಳು ಬಹುಮಟ್ಟಿಗೆ ಬೇರೆಯವರ ಕೈಯಲ್ಲಿಯೇ ಉಳಿದುವು. ಅರಸನ ಒಲವು ಬೇರೆಡೆಗೆ ತಿರುಗಿ, ವರ್ತಕರ ಹಾದಿಗಳು ಬದಲಾದಾಗ ವಿಹಾರ ಬರಿದಾಯಿತು. ಮನೆಗಳಲ್ಲಿ ಅದನ್ನು ಹಿಡಿದು ನಿಲ್ಲಿಸುವ ಬೇರು ಆಳವಾಗಿರಲಿಲ್ಲ. ಮಗ ಇದನ್ನು ಕೇಳಿ, "ಅಪ್ಪ, ಈಗ ನಮ್ಮ ಮನೆಗಳಲ್ಲಿ ದಿನಾ ಲಿಂಗಪೂಜೆ ಮಾಡೋರು ಎಷ್ಟು ಮಂದಿ ಉಳಿದಿದ್ದಾರೆ?" ಎಂದ. ಅವನು ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಯ ಪಾಳಿಗೆ ಓಡುವವನು. ತನ್ನನ್ನೂ ಸೇರಿಸಿಯೇ ಕೇಳಿದ್ದು. ನಾವು ಸುಮ್ಮನಿದ್ದೆವು. ಸೊಸೆ ನೀರಿನ ಶೀಸೆಯನ್ನು ಕೈಗೆ ಕೊಟ್ಟಳು.

ಮೊಮ್ಮಗನಿಗೆ ಮಾತ್ರ ಹೀಗೆಂದೆವು: ಅವರು ಎಲ್ಲಿಗೂ ಹೋಗಲಿಲ್ಲ ಮಗು. ಅವರ ಮಕ್ಕಳು, ಮೊಮ್ಮಕ್ಕಳು ಇದೇ ಊರುಗಳಲ್ಲಿ ಇದ್ದರು. ಕೆಲವರು ಜೈನರಾದರು, ಕೆಲವರು ಶೈವರಾದರು, ಮುಂದೆ ಅವರಲ್ಲಿ ಎಷ್ಟೋ ಮಂದಿ ಶರಣರ ಸಂಗ ಮಾಡಿದರು. ನಿನ್ನ ಮೈಯಲ್ಲಿಯೂ ಅವರ ರಕ್ತದ ಒಂದು ಹನಿ ಇದ್ದೀತು. ಹುಡುಗ ತನ್ನ ಮೊಣಕೈಯನ್ನು ತಿರುಗಿಸಿ ನೋಡಿಕೊಂಡ.

ಅಲ್ಲಮರ ಶೂನ್ಯವು ಬೌದ್ಧರ ಶೂನ್ಯದಿಂದ ಬಂದುದೆಂದು ಸಾಧಿಸುವವರೂ, ಸಂಬಂಧವೇ ಇಲ್ಲವೆಂದು ವಾದಿಸುವವರೂ ಇದ್ದಾರೆ. ಶಬ್ದ ಒಂದಾದ ಮಾತ್ರಕ್ಕೆ ಅರ್ಥ ಒಂದಾಗದು. ಹಾಗೆಯೇ, ನೆರೆಮನೆಯ ಮಾತು ಒಬ್ಬರ ಕಿವಿಗೂ ಬೀಳಲಿಲ್ಲವೆನ್ನುವುದೂ ನಂಬಲಾಗದ ಮಾತು. ಅದರ ವಿಚಾರ ಇನ್ನೊಮ್ಮೆ.

ನೆತ್ತಿಯ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕ 556, ಎಂದರೆ ಕ್ರಿ.ಶ. 634ರದು, ಭಾಷೆ ಸಂಸ್ಕೃತ, ಲಿಪಿ ಅಂದಿನ ಕನ್ನಡ. ಪುಲಿಕೇಶಿ ಹರ್ಷವರ್ಧನನನ್ನು ಸೋಲಿಸಿದುದು ಇದರಲ್ಲಿ ಬರುತ್ತದೆ. ಕಾಳಿದಾಸ ಭಾರವಿಗಳ ಹೆಸರು ಬಂದಿರುವುದರಿಂದ ಆ ಕವಿಗಳ ಕಾಲನಿರ್ಣಯಕ್ಕೂ ಇದು ಆಧಾರ. ಅದೇ ಗುಡ್ಡದ ಮೇಲೆ ಇತಿಹಾಸಕ್ಕೂ ಹಿಂದಿನ ಜನ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಗೋರಿಗಳಿವೆ. ಬೌದ್ಧರು ಬರುವುದಕ್ಕೆ ಮುನ್ನವೇ ಇಲ್ಲಿ ಜನ ತಮ್ಮ ಸತ್ತವರನ್ನು ನೆನೆಯುತ್ತಿದ್ದರು.

ಹೋಗುವ ಸದ್ಭಕ್ತರು ಬೆಳಿಗ್ಗೆ ಬೇಗ ಹತ್ತಬೇಕು, ನೀರನ್ನು ಒಯ್ಯಬೇಕು. ದುರ್ಗದ ಗುಡಿಯ ಪಕ್ಕದ ವಸ್ತುಸಂಗ್ರಹಾಲಯವನ್ನು ಬಿಡಬಾರದು. ಕೂಡಲಸಂಗಮದ ದಾರಿಯಲ್ಲಿ ಅಮೀನಗಡ ಬರುತ್ತದೆ. ಅಲ್ಲಿಯ ಕರದಂಟನ್ನು ಮಕ್ಕಳು ಬಿಡಗೊಡುವುದಿಲ್ಲ.

ಇಳಿಯುವಾಗ ಅಕ್ಕನವರು ಹಿಂದುಳಿದರು. ತಿರುಗಿ ನೋಡಿದೆವು. ಸಂಗಮಕ್ಕೆಂದು ತಂದ ಬುಟ್ಟಿಯ ಬಿಲ್ವವನ್ನು ಅವರು ಮುಟ್ಟಿರಲಿಲ್ಲ. ಸೆರಗಿನ ತುದಿಯಿಂದ ಆ ಮೂರ್ತಿಯ ಮಡಿಲಲ್ಲಿ ಬಿದ್ದಿದ್ದ ಒಣ ಎಲೆಗಳನ್ನು ಒರೆಸಿ ತೆಗೆಯುತ್ತಿದ್ದರು.